ನಿಮಗಿದು ಗೊತ್ತೆ? ಹೆಲ್ಮೆಟ್ ಹಿಂದಿನ ಸಾವು

‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಬ್ರಿಟನ್ನಿನ ಮಾಜಿ ಸೇನಾಧಿಕಾರಿ ಟಿ.ಇ. ಲಾರೆನ್ಸ್, 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಬೈಕ್ ಓಡಿಸುತ್ತಿದ್ದರು. ದಾರಿಯಲ್ಲಿದ್ದ ಇಬ್ಬರು ಸೈಕಲ್ ಹುಡುಗರಿಗೆ ಗುದ್ದುವುದನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಭಾರೀ ಪೆಟ್ಟು. ಆರು ದಿನಗಳ ನಂತರ, 46ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ಅವರನ್ನು ನೋಡಲು ಬಂದ ವೈದ್ಯರಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೈರ್ನ್ಸ್ ಒಬ್ಬರು. ಆ ಸಾವು ಅವರನ್ನು ಬಿಡದೆ ಕಾಡಿತು. ಎರಡನೇ ಮಹಾಯುದ್ಧದಲ್ಲಿ ಸಂದೇಶ ಒಯ್ಯುವ ಸೈನಿಕ ಸವಾರರು ಹೀಗೇ ತಲೆ ಒಡೆದು ಸಾಯುತ್ತಿದ್ದುದನ್ನು ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ ಪರವಾಗಿ ಲೇಖನ ಪ್ರಕಟಿಸಿದರು. ಬ್ರಿಟಿಷ್ ಸೇನೆ ಅದೇ ವರ್ಷ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಬ್ರಿಟನ್ನಿನ ಜನಸಾಮಾನ್ಯರಿಗೆ ಆ ಕಾನೂನು ಬಂದದ್ದು ಮಾತ್ರ 1973ರಲ್ಲಿ. ಅಷ್ಟರಲ್ಲಿ ಕೈರ್ನ್ಸ್ ತೀರಿಕೊಂಡು ಎರಡು ದಶಕ ಕಳೆದಿತ್ತು. ಎಷ್ಟು ಜೀವ ಉಳಿಯಬಹುದಿತ್ತು!

ಹೆಲ್ಮೆಟ್‌ನೊಳಗಿನ ಥರ್ಮೋಕೋಲ್ ಪದರ ತಾನು ಜಜ್ಜಿಹೋಗಿ ಪೆಟ್ಟಿನ ಬಲವನ್ನು ಹೀರಿಕೊಳ್ಳುತ್ತದೆ. ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್, ಹೊರಗೆ ಗೀರು ಕಾಣದಿದ್ದರೂ, ಬದಲಿಸಲೇಬೇಕು. ಪಟ್ಟಿ ಬಿಗಿಯದಿದ್ದರೆ ಹೆಲ್ಮೆಟ್ ತಲೆಗಿಂತ ಮೊದಲೇ ರಸ್ತೆಗೆ ಹಾರುತ್ತದೆ.

ಕಾರಿನವರಿಗೂ ಒಂದು ಮಾತು: ಚಾಲಕರ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗಿ, ಹಿಂದಿನಿಂದ ಬರುವ ಬೈಕ್ ಕಣ್ಣಿಗೆ ಬೀಳುತ್ತದೆ.