ಹೊಳೆಯ ಮೀನು ಎಲ್ಲಿ ನಿಲ್ಲುತ್ತದೆ?

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮೇಕೆದಾಟಿನ ಕಲ್ಲಿನ ಕೊರಕಲು ಹೊಗುವ ತನಕ ಕಾಡುಗುಡ್ಡಗಳ ನಡುವೆ ಹರಿಯುತ್ತದೆ. ದೊಡ್ಡಮಾಕಳಿ, ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ ಇರುವುದು ಈ ಹಾದಿಯಲ್ಲೇ. ಗಾಳ ಹಾಕಲೆಂದು ದೇಶವಿದೇಶಗಳಿಂದ ಜನ ಬರುತ್ತಿದ್ದ ದಿನಗಳಲ್ಲಿ ಹರಿಗೋಲಿನಲ್ಲಿ ಅವರ ಜೊತೆ ಕೂರುತ್ತಿದ್ದವರು ಸುತ್ತಮುತ್ತಲ ಹಳ್ಳಿಯವರು. ಕೋಲು, ದಾರ, ರಾಟೆ ಎಲ್ಲ ಅತಿಥಿಯದು. ಗಾಳ ಎಲ್ಲಿ ಬೀಳಬೇಕು ಎನ್ನುವ ತೀರ್ಮಾನ ಮಾತ್ರ ಈ ಹಳ್ಳಿಗರದು. ನೀರಿನ ಮೇಲ್ಮೈ ನೋಡಿ ಅದರ ತಳ ಹೇಳುವ, ತಿಂಗಳು ನೋಡಿ ಮೀನಿನ ಜಾಗ ಹೇಳುವ ಈ ವಿದ್ಯೆಗೆ ಪಠ್ಯವಿಲ್ಲ, ಪದವಿಯಿಲ್ಲ. ಕಾವೇರಿಯ ಬೆಸ್ತರು, ತುಂಗಭದ್ರೆಯ ಅಂಬಿಗರು, ಮಲೆನಾಡಿನ ಹಳ್ಳಗಳಲ್ಲಿ ಕೂಳಿ ಇಡುವ ರೈತರು ಇದನ್ನು ಅಪ್ಪನಿಂದ ಮಗನಿಗೆ ದಾಟಿಸುತ್ತ ಬಂದಿದ್ದಾರೆ.

ಬರಹಕ್ಕೆ ಸಿಕ್ಕಿದ್ದು ಕಡಿಮೆ ಎಂದರೂ ಒಂದು ಹಳೆಯ ದಾಖಲೆ ನಮ್ಮ ನೆಲದ್ದೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಮೀನಿನ ಜಾತಿಗಳು, ಅವುಗಳ ಮೇವು, ಗಾಳ ಹಾಕುವ ಬಗೆ ಎಲ್ಲವೂ ಅಲ್ಲಿವೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಅರಮನೆಯ ವಿನೋದವಾಗಿ ದಾಖಲಾದ ಇದು ಹೊಳೆದಂಡೆಯವರಿಗೆ ಹೊಟ್ಟೆಪಾಡು. ತಪ್ಪು ಜಾಗದಲ್ಲಿ ಬಲೆ ಬಿಟ್ಟರೆ ಆ ರಾತ್ರಿಯ ದುಡಿಮೆ ನೀರುಪಾಲು.

ಮೊದಲ ಪಾಠ ಹರಿವಿನದು. ಹೊಳೆ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಡುವೆ, ಮೇಲ್ಮೈಯ ಹತ್ತಿರ ಸೆಳವು ಜೋರು. ತಳಕ್ಕೂ ದಡಕ್ಕೂ ಉಜ್ಜುವಲ್ಲಿ ನಿಧಾನ. ಸೆಳವಿಗೆ ಎದುರಾಗಿ ಸದಾ ಈಜುತ್ತಿದ್ದರೆ ಮೀನಿನ ಕಸುವು ಸೋರಿಹೋಗುತ್ತದೆ. ನಿಂತ ನೀರಿಗೆ ಹೋದರೆ ಮೇವು ತೇಲಿ ಬರುವುದಿಲ್ಲ. ಹಾಗಾಗಿ ಅದು ಇವೆರಡರ ಗಡಿಯಲ್ಲಿ, ನಿಧಾನ ನೀರಿನಲ್ಲಿ ಮೈಯಿಟ್ಟು, ಪಕ್ಕದ ಸೆಳವಿನತ್ತ ಮುಖ ಮಾಡಿ ನಿಲ್ಲುತ್ತದೆ. ನೀರಿನ ಮೇಲೆ ನೊರೆಯೂ ಒಣಗಿದೆಲೆಯೂ ಸಾಲುಗಟ್ಟಿ ಸಾಗುತ್ತಿದ್ದರೆ ಆ ಸಾಲೇ ಗಡಿ. ಹೊಳೆಯಲ್ಲಿ ಮೀನು ಹುಡುಕುವವನು ಬೇರೇನನ್ನು ಮರೆತರೂ ಈ ಸಾಲನ್ನು ಮರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಳುಗಿದ ಬಂಡೆಯನ್ನು ಗುರುತಿಸುವುದು ಇನ್ನೂ ಸೂಕ್ಷ್ಮ. ನೀರು ಬಂಡೆಯನ್ನು ಹತ್ತಿ ಇಳಿಯುವಲ್ಲಿ ಮೇಲ್ಮೈ ನುಣುಪಾಗಿ ಉಬ್ಬುತ್ತದೆ. ಕಲಕು ಏಳುವುದು ಅದಕ್ಕಿಂತ ಕೆಳಗೆ. ಹೊಸಬರು ಕಲಕಿನ ಕೆಳಗೇ ಬಂಡೆಯಿದೆ ಎಂದುಕೊಳ್ಳುತ್ತಾರೆ. ಬಂಡೆ ಇರುವುದು ಕಲಕಿನ ಮೇಲ್ಹೊಳೆಗೆ, ಆ ಉಬ್ಬಿನ ಹತ್ತಿರ. ಎರಡು ಗೆರೆಗಳು ಕೂಡಿ ಕೆಳಹೊಳೆಯತ್ತ ಚೂಪಾದರೆ ಅದು ಎರಡು ಕಲ್ಲುಗಳ ನಡುವಿನ ಆಳದ ಹಾದಿ. ಚೂಪು ಮೇಲ್ಹೊಳೆಯತ್ತ ತಿರುಗಿದ್ದರೆ ಆ ತುದಿಯಲ್ಲಿ ಒಂದು ಕಲ್ಲಿದೆ. ಹರಿಗೋಲು ನಡೆಸುವವನಿಗೆ ಈ ಗುರುತು ಪ್ರಾಣ ಉಳಿಸುವಂಥದ್ದು, ಗಾಳದವನಿಗೆ ಮೀನು ಕೊಡುವಂಥದ್ದು. ಬಂಡೆಯ ಹಿಂದಿನ ಸುಳಿಯಲ್ಲಿ ಮೀನು ನಿಲ್ಲುವುದು ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ನೀರು ಅದಕ್ಕೆ ಬಡಿದು ಹಿಂದೆ ಸರಿಯುವ ಒಂದು ಮೆತ್ತನೆಯ ಜಾಗವಿರುತ್ತದೆ, ಅಲ್ಲೂ ಮೀನು ನಿಲ್ಲುತ್ತದೆ. ಇದು ತಿಳಿದವರು ಕಡಿಮೆ.

ತಿರುವುಗಳಲ್ಲಿ ಹೊರದಂಡೆಯನ್ನು ನೀರು ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಬಿಡುತ್ತದೆ. ಆದ್ದರಿಂದ ಮಡು ಹೊರಬದಿಗೆ. ಅಲ್ಲಿ ಹೊಳೆಮತ್ತಿಯ ಬೇರುಗಳು ನೀರೊಳಗೆ ಇಳಿಬಿದ್ದಿದ್ದರೆ ಮೀನಿಗೆ ನೆರಳೂ ಸಿಕ್ಕಿತು, ಅಡಗುತಾಣವೂ ಸಿಕ್ಕಿತು. ಆಳ ತಿಳಿಯಲು ಗಳು ಸಾಕು. ಗಳು ಮುಟ್ಟದ ಕಡೆ ಸೀಸದ ಗುಂಡು ಕಟ್ಟಿದ ದಾರ. ಗುಂಡನ್ನು ಮೆಲ್ಲಗೆ ಎಳೆಯುವಾಗ ಬೆರಳಿಗೆ ತಳ ತಿಳಿಯುತ್ತದೆ: ಕಲ್ಲಾದರೆ ಟಕ್ಕೆಂದು ತಾಗುತ್ತದೆ, ಮರಳಾದರೆ ಒಂದೇ ಸಮನೆ ಜಾರುತ್ತದೆ, ಕೆಸರಾದರೆ ಹಿಡಿದುಕೊಳ್ಳುತ್ತದೆ. ಈಗ ಶಬ್ದದಲೆ ಕಳಿಸಿ ತಳ ತೋರಿಸುವ ಯಂತ್ರಗಳಿವೆ. ಜಲಾಶಯದಲ್ಲಿ ಅವು ಬಹಳ ಉಪಯುಕ್ತ. ಗಾಳಿಗುಳ್ಳೆ ತುಂಬಿದ ಕಲ್ಲುಹೊಳೆಯಲ್ಲಿ ಆ ಗುಳ್ಳೆಗಳೇ ಅಲೆಯನ್ನು ಚದುರಿಸಿಬಿಡುತ್ತವೆ. ಅಲ್ಲಿ ಬೆರಳೇ ಮೇಲು.

ಇನ್ನು ಯಾವ ಮೀನು ಯಾವ ಆಳಕ್ಕೆ ಎನ್ನುವುದನ್ನು ಅದರ ಬಾಯಿಯೇ ಹೇಳುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲದ ಬಾಯಿ ಕೆಳಕ್ಕೆ ಬಾಗಿದೆ, ಅದು ತಳ ಕೆದಕುತ್ತದೆ. ಈ ಮೂರೂ ಗಂಗೆಯ ಸೀಮೆಯಿಂದ ಬಂದು ನಮ್ಮ ಕೆರೆ, ಜಲಾಶಯಗಳಲ್ಲಿ ಬಿತ್ತನೆಯಾದವು. ಕೊರವ ಗಾಳಿಯನ್ನೂ ಉಸಿರಾಡಬಲ್ಲದು, ಆದ್ದರಿಂದ ಬೇರೆ ಮೀನು ಉಸಿರುಗಟ್ಟುವ ಜೊಂಡಿನ ನಡುವಿನ ನಿಂತ ನೀರಲ್ಲೂ ಅದು ನೆಮ್ಮದಿಯಾಗಿರುತ್ತದೆ. ಬಾಳೆ ಮೀನು ಹಗಲು ಮಡುವಿನ ಆಳದಲ್ಲಿ ಬಿದ್ದಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ.

ಕಾವೇರಿಯ ಬಿಳಿಮೀನು, ಅಂದರೆ ಬೆನ್ನುಬ್ಬಿದ ಮಹಸೀರ್, ಇವೆಲ್ಲಕ್ಕಿಂತ ಬೇರೆ. ಅದಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಕಲ್ಲಿನ ಸಂದಿಯ ಏಡಿ, ಬಸವನಹುಳು, ನೀರಿಗೆ ಬಿದ್ದ ಅತ್ತಿಹಣ್ಣು ಎಲ್ಲವನ್ನೂ ಅಲ್ಲಿಯೇ ಅರೆಯುತ್ತದೆ. ಏಡಿ ಇರುವುದು ಕಲ್ಲಿನಡಿ, ಹಣ್ಣು ಬೀಳುವುದು ಬಾಗಿದ ಮರದಡಿ. ಬಿಳಿಮೀನಿನ ಜಾಗ ಹುಡುಕಲು ಇವೆರಡೇ ಸಾಕಷ್ಟು ಹೇಳುತ್ತವೆ. ಭೀಮೇಶ್ವರಿಯ ಕಡೆಯವರು ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದರು. ಸೆಳವಿಗೆ ಕರಗದಷ್ಟು ಗಟ್ಟಿ, ಮೀನಿನ ಬಾಯಿಗೆ ಹಿತವಾಗುವಷ್ಟು ಮೃದು ಆಗುವಂತೆ ಹದ ಹಿಡಿಯುವುದೇ ಒಂದು ಕೈಚಳಕ.

ಜಾಗ ಗೊತ್ತಾದರೂ ಕಾಲ ತಪ್ಪಿದರೆ ಮಡು ಬರಿದು. ಮೃಗಶಿರಾ, ಆರಿದ್ರಾ ಮಳೆ ಹಿಡಿದು ಹಳ್ಳಗಳು ಕೆಂಪಾಗಿ ಉಕ್ಕಿದಾಗ ಮಲೆನಾಡಿನಲ್ಲಿ ಹತ್ತುಮೀನಿನ ಸಂಭ್ರಮ. ಮೊಟ್ಟೆಯಿಡಲು ಮೀನುಗಳು ದೊಡ್ಡ ಹೊಳೆ ಬಿಟ್ಟು ಹಳ್ಳ ಏರುತ್ತವೆ, ಹಳ್ಳದಿಂದ ಗದ್ದೆಗೂ ನುಗ್ಗುತ್ತವೆ. ದೊಡ್ಡ ಹೊಳೆಯಲ್ಲೇ ಉಳಿದವು ನೆರೆಯ ರಭಸ ತಾಳದೆ ನಡುನೀರು ಬಿಟ್ಟು ಮುಳುಗಿದ ಹುಲ್ಲಿನ ಅಂಚಿಗೆ, ಉಪನದಿ ಸೇರುವ ಮೂಲೆಗೆ ಬರುತ್ತವೆ. ಸ್ವಾತಿ ಮಳೆ ಮುಗಿದು ನೀರು ತಿಳಿಯಾದ ಮೇಲೆ ಮತ್ತೆ ಬಂಡೆ, ಮಡುಗಳ ವಾಸ. ಮೀನಿನದು ತಣ್ಣನೆ ರಕ್ತ. ನೀರು ತಣ್ಣಗಾದಷ್ಟೂ ಅರಗಿಸುವ ಶಕ್ತಿ ತಗ್ಗುತ್ತದೆ. ಪುಷ್ಯ ಮಾಸದ ಬೆಳಗಿನಲ್ಲಿ ಅದು ಆಳದಲ್ಲಿ ಜಡವಾಗಿದ್ದು, ಬಿಸಿಲೇರಿದ ಮೇಲೆ ತೆಳುನೀರಿಗೆ ಬರುತ್ತದೆ.

ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಆಮ್ಲಜನಕವೇ ಯಜಮಾನ. 20 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಬಿಳಿಮೀನಿನಂಥ ಸೆಳವಿನ ಮೀನಿಗೆ ಈ ವ್ಯತ್ಯಾಸ ದೊಡ್ಡದು. ಮುಂಜಾನೆ, ಮುಸ್ಸಂಜೆಗಳಲ್ಲಿ ಅದು ಕಲ್ಲಿಗೆ ಬಡಿದು ನೊರೆಯಾಗುವ ನೀರಿನ ಬುಡಕ್ಕೆ ಬರುತ್ತದೆ, ಏಕೆಂದರೆ ಗಾಳಿ ನೀರಿಗೆ ಬೆರೆಯುವುದು ಅಲ್ಲೇ. ನಡುಹಗಲು ನೆರಳಿರುವ ಆಳದ ಮಡುವಿಗೆ ಸರಿಯುತ್ತದೆ. ಹೊಳೆ ಬತ್ತಿ ತುಂಡುತುಂಡಾದಾಗ ಮೈಲಿಗಟ್ಟಲೆ ನೀರಿನ ಮೀನೆಲ್ಲ ಇಂಥ ಕೆಲವೇ ಮಡುಗಳಲ್ಲಿ ಒತ್ತಿಕೊಂಡಿರುತ್ತದೆ.

ಕಾವೇರಿಯ ಈ ಭಾಗದಲ್ಲಿ ಮನುಷ್ಯ ಮಾಡಿದ ಇನ್ನೊಂದು ಕಾಲಚಕ್ರವೂ ಉಂಟು. ಶಿವನಸಮುದ್ರದ ವಿದ್ಯುದಾಗಾರ 1902ರಿಂದ ನಡೆಯುತ್ತಿದೆ. ಅಲ್ಲಿ ಬಿಡುವ ನೀರಿಗೆ ತಕ್ಕಂತೆ ಕೆಳಗಿನ ಮಟ್ಟ ಒಂದೇ ದಿನದಲ್ಲಿ ಏರಿಳಿಯುತ್ತದೆ. ಬಂಡೆಯ ಮೇಲೆ ಹಸಿ ಗೆರೆ ಕಂಡರೆ ನೀರು ಇಳಿಯುತ್ತಿದೆ, ಮೀನು ಆಳಕ್ಕೆ ಹೊರಟಿದೆ. ಒಣ ಕಲ್ಲು ನೆನೆಯುತ್ತಿದ್ದರೆ ಮೀನು ಅಂಚಿಗೆ ಬರುತ್ತಿದೆ.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಎಂದರೆ 54 ಕಿಲೋಗ್ರಾಂ ತೂಗಿತ್ತು. ಅಂಥ ಮೀನುಗಳು ಮುಗಿದೇ ಹೋದವೆಂದು ಹೊರಗಿನವರು ನಂಬಿದ್ದಾಗ, 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಿಂದ ಬಂದ ಗಾಳಗಾರರು ಕಾವೇರಿಯಲ್ಲಿ ಮತ್ತೆ ಅವನ್ನು ಕಂಡರು. ಮುಂದೆ ಹುಟ್ಟಿಕೊಂಡ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ನಿಯಮವಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಕಾವಲುಗಾರರೂ ಮಾರ್ಗದರ್ಶಿಗಳೂ ಆದರು. 2010ರ ದಶಕದ ಆರಂಭದಲ್ಲಿ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತಿತು.

ಆ ಶಿಬಿರಗಳ ಲೆಕ್ಕದ ಪುಸ್ತಕಗಳೇ ಆಮೇಲೆ ದೊಡ್ಡ ಸತ್ಯ ಹೊರಗೆಡಹಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಅಭ್ಯಸಿಸಿದ ವಿಜ್ಞಾನಿಗಳಿಗೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತ ಹೋಗಿ ಮೂಲದ ಬಿಳಿಮೀನು ಕುಸಿದದ್ದು ಕಾಣಿಸಿತು. 2018ರಲ್ಲಿ ಈ ಬಿಳಿಮೀನಿಗೆ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಳಿವಿನಂಚಿನ ಜೀವಿ. ಮೀನು ಎಲ್ಲಿದೆ ಎಂದು ಬಲ್ಲವರು ಬರೆದಿಡದಿದ್ದರೆ ಅದು ಇಲ್ಲವಾಗುತ್ತಿರುವುದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಈ ವಿದ್ಯೆಗೆ ಕರಾಳ ಮುಖವೂ ಇದೆ. ಬೇಸಿಗೆಯ ಮಡು ಗೊತ್ತಿರುವ ದುರಾಸೆಯವನಿಗೆ ಗಾಳ, ಬಲೆ ಯಾವುದೂ ಬೇಡ. ಒಂದು ಸಿಡಿಮದ್ದು, ಒಂದಿಷ್ಟು ವಿಷ ಸಾಕು. ಒಂದೇ ಕ್ಷಣದಲ್ಲಿ ಮರಿ, ಮೊಟ್ಟೆ, ಏಡಿ ಎಲ್ಲವೂ ಹೋಗುತ್ತವೆ. ಮುಂದಿನ ಮಳೆಗೆ ಹಳ್ಳ ಹತ್ತಬೇಕಾದ ತಾಯಿಮೀನು ಸಾಯುವುದೂ ಅಲ್ಲಿಯೇ. ಮರಳು ತೆಗೆಯುವವರು ಮೊಟ್ಟೆಯಿಡುವ ಗರಸನ್ನೂ ಮೀನಿನ ತಂಗುದಾಣವನ್ನೂ ಒಟ್ಟಿಗೆ ಎತ್ತಿಕೊಂಡು ಹೋಗುತ್ತಾರೆ. ಹೊಳೆಯಲ್ಲಿ ಎಷ್ಟು ನೀರಿದೆ ಎಂದು ನಾವು ಅಳೆಯುತ್ತೇವೆ. ಎಷ್ಟು ಮಡು ಉಳಿದಿದೆ ಎಂಬುದನ್ನೂ ಅಳೆಯಬೇಕು. ಬೆಸ್ತರನ್ನು, ಹಳೆಯ ಮಾರ್ಗದರ್ಶಿಗಳನ್ನು ಕೂರಿಸಿಕೊಂಡು ಮಡುಗಳ ನಕ್ಷೆ ಮಾಡಿ, ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಬಲೆ ಬೀಳದಂತೆ ನೋಡಿಕೊಳ್ಳುವುದು ಸರ್ಕಾರಕ್ಕೆ ದುಬಾರಿ ಕೆಲಸವೇನಲ್ಲ.

ಈ ವಿದ್ಯೆಯ ರುಚಿ ನೋಡಲು ಗಾಳವೇ ಬೇಕಿಲ್ಲ. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿ, ಈ ಮೂರೂ ಕಡೆ ದೇವಸ್ಥಾನದ ಬಳಿ ಮೀನು ಹಿಡಿಯುವಂತಿಲ್ಲ. ನೀರು ತಿಳಿಯಾಗಿರುವ ತಿಂಗಳುಗಳಲ್ಲಿ ಹೋಗಿ, ಅಕ್ಕಿ, ಮಂಡಕ್ಕಿ ಎಸೆಯುವ ಗುಂಪಿನಿಂದ ದೂರ ನಿಂತು, ಯಾವ ಮೀನು ಎಲ್ಲಿ ನಿಂತಿದೆ, ಮುಖ ಎತ್ತ ಮಾಡಿದೆ, ನೆರಳು ಸರಿದಾಗ ಎತ್ತ ಸರಿಯುತ್ತದೆ ಎಂದು ನೋಡಿ. ಮಕ್ಕಳಿಗೂ ತೋರಿಸಿ. ನಿಮ್ಮೂರ ಹೊಳೆಯ ಮಡುವಿನಲ್ಲಿ ಸಿಡಿಮದ್ದಿನ ಸದ್ದು ಕೇಳಿದರೆ ಹತ್ತಿರದ ಪೊಲೀಸ್ ಠಾಣೆಗೋ ಮೀನುಗಾರಿಕೆ ಇಲಾಖೆಯ ಕಚೇರಿಗೋ ಕೂಡಲೇ ತಿಳಿಸಿ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಶಿಕ್ಷಾರ್ಹ ಅಪರಾಧ.