23ಕ್ಕೇ ನಿವೃತ್ತಿ: ಟಾಮ್ ಬಾಯ್ಡ್ ಬಿಟ್ಟುಹೋದ ಪ್ಯಾಕೇಜ್

ಏಳು ವರ್ಷಕ್ಕೆ ಸುಮಾರು 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡ್ತೀವಿ ಅಂದ್ರೆ ನಿಮ್ಮ ಆಫೀಸಿನಲ್ಲಿ ಎಷ್ಟು ಜನ ಬೇಡ ಅಂತಾರೆ? ನಾನಂತೂ ಅನ್ನಲ್ಲ. ಆಸ್ಟ್ರೇಲಿಯಾದ ಟಾಮ್ ಬಾಯ್ಡ್‌ಗೆ ಅಂಥ ಆಫರ್ ಬಂದಾಗ ವಯಸ್ಸು ಬರೀ 19.

ಅವನು ಆಡುತ್ತಿದ್ದದ್ದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ಒಂದೊಂದು ತಂಡಕ್ಕೆ ಮೈದಾನದಲ್ಲಿ 18 ಜನ. ನಾವು ಕ್ರಿಕೆಟ್ ನೋಡುವ ಮೆಲ್ಬರ್ನ್‌ನ ಎಂಸಿಜಿಯಲ್ಲೇ ಫೈನಲ್. ಇದರ ವೃತ್ತಿಪರ ಲೀಗ್ ಎಎಫ್‌ಎಲ್. ಅದಕ್ಕೆ ಹುಡುಗರನ್ನು ಆರಿಸುವ ‘ಡ್ರಾಫ್ಟ್’ ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್ ಇದ್ದ ಹಾಗೆ. ಆದರೆ ಆಯ್ಕೆಯೆಲ್ಲ ತಂಡದ್ದೇ, ಕರೆದ ಊರಿಗೆ ಹುಡುಗ ಹೋಗಬೇಕು. 2013ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರೇ ಬಾಯ್ಡ್‌ನದು. ಮೆಲ್ಬರ್ನ್ ಬಿಟ್ಟು ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡ ಸೇರಿದ.

ಅಲ್ಲಿ ಆಡಿದ್ದು 9 ಪಂದ್ಯ. 2014ರ ಕೊನೆಗೆ ಮೆಲ್ಬರ್ನ್‌ನ ವೆಸ್ಟರ್ನ್ ಬುಲ್‌ಡಾಗ್ಸ್ ಅವನನ್ನು ಕರೆಸಿಕೊಂಡಿತು. ಬುಲ್‌ಡಾಗ್ಸ್ ನಾಯಕ ರಯಾನ್ ಗ್ರಿಫೆನ್ ಆ ಕಡೆ ಹೋದ, ಬಾಯ್ಡ್ ಈ ಕಡೆ ಬಂದ. ಪತ್ರಿಕೆಗಳಲ್ಲಿ ಸಂಬಳದ್ದೇ ಸುದ್ದಿ. ಅಲ್ಲಿಂದಾಚೆ ಅವನ ಪ್ರತಿ ಕಿಕ್ಕನ್ನೂ ಜನ ಡಾಲರ್‌ನಲ್ಲೇ ಅಳೆದರು. ನಮ್ಮ ಅಪ್ರೈಸಲ್ ವರ್ಷಕ್ಕೆ ಒಂದೋ ಎರಡೋ ಸಲ, ಮುಚ್ಚಿದ ಕೋಣೆಯಲ್ಲಿ. ಅವನದು ವಾರವಾರವೂ, ಟಿವಿಯಲ್ಲಿ.

2016ರ ಅಕ್ಟೋಬರ್ 1ರಂದು ಫೈನಲ್. ಎದುರಾಳಿ ಸಿಡ್ನಿ ಸ್ವಾನ್ಸ್. ಬುಲ್‌ಡಾಗ್ಸ್ ಕೊನೆಯ ಸಲ ಕಪ್ ಗೆದ್ದದ್ದು 1954ರಲ್ಲಿ. ಬಾಯ್ಡ್ ಮೂರು ಗೋಲು ಹೊಡೆದ. ಕೊನೆಯ ಕ್ವಾರ್ಟರ್‌ನಲ್ಲಿ ಬಲು ದೂರದಿಂದ ಒದ್ದ ಚೆಂಡು ಪುಟಿಯುತ್ತಾ ಪುಟಿಯುತ್ತಾ ಕಂಬಗಳ ನಡುವೆ ನುಗ್ಗಿತು. ಸುಮಾರು ಒಂದು ಲಕ್ಷ ಜನ ಎದ್ದು ನಿಂತರು. 89-67. ಕೊಟ್ಟ ದುಡ್ಡು ವಸೂಲಾಯ್ತು ಅಂತ ಎಲ್ಲರೂ ಅಂದುಕೊಂಡಿರಬೇಕು.

ಆದರೆ ಮನಸ್ಸು ಸ್ಕೋರ್‌ಬೋರ್ಡ್ ನೋಡಿ ಸರಿಹೋಗಲ್ಲ. ಮರುವರ್ಷವೇ, 2017ರಲ್ಲಿ, ಖಿನ್ನತೆಯಿಂದಾಗಿ ಬಾಯ್ಡ್ ಆಟದಿಂದ ರಜೆ ತೆಗೆದುಕೊಂಡ. ನಿದ್ದೆ ಬಾರದ ರಾತ್ರಿಗಳ ಬಗ್ಗೆ ಆಮೇಲೆ ಬಹಿರಂಗವಾಗಿಯೇ ಮಾತಾಡಿದ. ಮತ್ತೆ ಬಂದು ಆಡಿದ, ಗಾಯಗಳೂ ಕಾಡಿದವು. 2019ರ ಮೇ ತಿಂಗಳಲ್ಲಿ, ಒಪ್ಪಂದ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಬಾಕಿ ಇರುವಾಗಲೇ, ನಿವೃತ್ತಿ ಘೋಷಿಸಿದ. ಒಟ್ಟು 61 ಪಂದ್ಯ, ವಯಸ್ಸು 23. ಈಗ ಮಾನಸಿಕ ಆರೋಗ್ಯದ ಬಗ್ಗೆ ಭಾಷಣ ಮಾಡುತ್ತಾನೆ, ತನ್ನ ಕಥೆಯನ್ನು ಪುಸ್ತಕವಾಗಿಯೂ ಬರೆದಿದ್ದಾನೆ.

‘ಅವನ ಕೈಲಿ ದುಡ್ಡಿತ್ತು, ಬಿಟ್ಟ. ನಮ್ಮ ಇಎಂಐ ಯಾರು ಕಟ್ತಾರೆ?’ ಅಂತ ನೀವು ಕೇಳಬಹುದು. ನಿಜ, ನಾನೂ ನಾಳೆ ರಾಜೀನಾಮೆ ಕೊಡಲ್ಲ. ನನಗೆ ಮುಖ್ಯ ಅನಿಸೋದು 2019ರ ನಿವೃತ್ತಿಯಲ್ಲ, 2017ರ ರಜೆ. ನಮ್ಮ ಟೀಮಿನಲ್ಲಿ ಮನಸ್ಸು ಕೆಟ್ಟರೂ ರಜೆ ಅರ್ಜಿಯಲ್ಲಿ ಬರೆಯೋದು ‘ಜ್ವರ’ ಅಂತಲೇ. ಬಾಯ್ಡ್ ಕಾರಣವನ್ನು ಮುಚ್ಚಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ರಜೆ ಕೇಳೋಕೆ 70 ಲಕ್ಷ ಡಾಲರ್ ಬೇಕಿಲ್ಲ. ಪಕ್ಕದ ಸೀಟಿನವರು ಹಾಗೆ ಕೇಳಿದ ದಿನ ನಾವು ನಗದೇ ಇದ್ದರೆ ಸಾಕು.