ಬೇಸಿಗೆಯಲ್ಲೂ ಬಸಳೆ ಬಾಡದಿರಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೂ ನೀರಿನ ಬರವೇ ಎಂದು ನಗಬೇಡಿ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ ನಿಜ. ಆದರೆ ಇಳಿಜಾರಿನ ನೆಲ, ಬಿದ್ದದ್ದೆಲ್ಲ ಹಳ್ಳ ಸೇರುತ್ತದೆ. 2023ರಲ್ಲಿ ಮಳೆಯೇ ಕೈಕೊಟ್ಟಿತು. ಮರುವರ್ಷದ ಏಪ್ರಿಲ್‌ನಲ್ಲಿ ನಮ್ಮ ಬಾವಿಯ ತಳ ಕಂಡಿತು. ಕುಡಿಯಲು, ದನಗಳಿಗೆ ಆದ ಮೇಲೆ ಹಿತ್ತಿಲಿಗೆ ಉಳಿದದ್ದು ದಿನಕ್ಕೆ ಎರಡೇ ಕೊಡ. ತವರಿನಿಂದ ತಂದು ನೆಟ್ಟ ಬಸಳೆ ಬಾಡುವುದನ್ನು ನೋಡಲಾರದೆ ಮಟಮಟ ಮಧ್ಯಾಹ್ನ ಒಂದು ಕೊಡ ಸುರಿದೆ. ಅತ್ತೆ ಹೇಳಿದರು: “ತಂಗೀ, ನೀ ನೀರು ಹಾಕ್ತಾ ಇಪ್ಪದು ಗಿಡಕ್ಕಲ್ದೇ, ಬಿಸಿಲಿಗೆ!”

ಅಂದಿನಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಕೇಳಿ.

ಹೊದಿಕೆ: ಬುಡದ ಸುತ್ತ ಒಂದು ಗೇಣು ದಪ್ಪಕ್ಕೆ ಒಣ ದರಕು ಹರಡಿ. ಕಾಂಡಕ್ಕೆ ತಾಗಿಸಬೇಡಿ, ಕೊಳೆತೀತು. ಸೂರ್ಯ ಇಳಿದ ಮೇಲೆಯೇ ನೀರು ಹಾಕಿ.

ಗಡಿಗೆ: ಹಳೆಯ ಮಣ್ಣಿನ ಗಡಿಗೆಯನ್ನು ಗಿಡದ ಪಕ್ಕ ಕುತ್ತಿಗೆವರೆಗೆ ಹೂತು, ನೀರು ತುಂಬಿ ಮುಚ್ಚಿಡಿ. ಜಿನುಗುವ ನೀರು ನೇರ ಬೇರಿಗೆ. ಮುಚ್ಚದಿದ್ದರೆ ಸೊಳ್ಳೆ ಬಂತೆಂದೇ ಲೆಕ್ಕ.

ಬಚ್ಚಲ ನೀರು: ಬಾಳೆ, ತೆಂಗಿಗೆ ತಿರುಗಿಸಿ, ಸಾಬೂನಿನ ನೀರು ಸೊಪ್ಪಿಗೆ ಬೇಡ. ತರಕಾರಿ ತೊಳೆದ ನೀರು ಬಸಳೆಗಿರಲಿ. ಅಕ್ಕಚ್ಚು ಹೇಗೂ ದನದ ಪಾಲು.

ಮಳೆಗಾಲದಲ್ಲಿ: 1,000 ಚದರಡಿ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,000 ಲೀಟರಿಗೂ ಹೆಚ್ಚು ನೀರು! ಗೋಡೆಯಿಂದ ದೂರ ಗುಂಡಿ ತೋಡಿ ಅಲ್ಲೇ ಇಂಗಿಸಿ.

ಆ ವರ್ಷ ಬದನೆ ಸತ್ತಿತು, ಬಸಳೆ ಉಳಿಯಿತು. ಮೊದಲ ಮಳೆಯ ದಿನ ಅದರದೇ ಹುಳಿ ಮಾಡಿ ಅತ್ತೆಗೆ ಮೊದಲು ಬಡಿಸಿದೆ.